ಅಭೇದ್ಯ ಅಂದರೆ ಯಾವುದಕ್ಕೆ ಅಭೇದ್ಯ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಗೆ ದ್ರವ್ಯದ ಪಾಠ ಮಾಡುವಾಗ ‘ಎರಡು ವಸ್ತುಗಳು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇರಲಾರವು, ಇದೇ ಅಭೇದ್ಯತೆ’ ಎಂದು ಬೋರ್ಡಿನ ಮೇಲೆ ಬರೆದೆ. ಒಬ್ಬ ಹುಡುಗ ಎದ್ದು, ‘ಮಿಸ್, ಇದನ್ನ ಯಾರಾದ್ರೂ ನೋಡಿ ಹೇಳಿದ್ದಾ, ಇಲ್ಲಾ ನಾವೇ ಹಾಗಂತ ಇಟ್ಕೊಂಡಿದ್ದೀವಾ?’ ಅಂದ. ಇನ್ನೊಬ್ಬಳು, ‘ಸಕ್ಕರೆ ನೀರೊಳಗೆ ಹೋಗುತ್ತಲ್ಲಾ ಮಿಸ್’ ಅಂದಳು. ಎರಡಕ್ಕೂ ನನಗೇ ಸಮಾಧಾನವಾಗುವ ಉತ್ತರ ಸಿಗಲಿಲ್ಲ. ಮನೆಯಲ್ಲಿ ಮಗಳಿಗೆ ಹೇಳಿದೆ. ಅವಳು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಳೆ. ಆಲಿಸ್ ಕಥೆಯಲ್ಲಿ ಹಂಪ್ಟಿ ಡಂಪ್ಟಿ ‘ಇಂಪೆನಿಟ್ರಬಿಲಿಟಿ’ ಎಂಬ ಇದೇ ಪದ ಬಳಸಿ, ಅದಕ್ಕೆ ಬೇರೇನೋ ಅರ್ಥ ಕೊಡುವುದನ್ನು ತೋರಿಸಿದಳು. ಜರ್ಮನ್ ತತ್ವಜ್ಞಾನಿ ಕಾಂಟ್ ಇದರ ಬಗ್ಗೆ ಬರೆದಿದ್ದಾನೆ ಎಂದು ಲೈಬ್ರರಿಯಿಂದ ಒಂದು ಇಂಗ್ಲಿಷ್ ಅನುವಾದವನ್ನೂ ತಂದುಕೊಟ್ಟಳು. ಮೊದಲ ಅಧ್ಯಾಯ ಮೂರು ಸಲ ಓದಿದೆ. ತಲೆಗೆ ಹತ್ತಲಿಲ್ಲ. ‘ಆ ಪುಸ್ತಕಾನೇ ಇಂಪೆನಿಟ್ರಬಲ್, ಬಿಡಮ್ಮಾ’ ಅಂದಳು ಮಗಳು. ಕಲ್ಲಿನ ಅಭೇದ್ಯತೆ, ಮಾತಿನ ಅಭೇದ್ಯತೆ ಎರಡೂ ಒಂದೇನಾ? ನನಗೆ ಅರ್ಥವಾಗದಿದ್ದದ್ದು ನನ್ನ ದಡ್ಡತನವೋ, ಪುಸ್ತಕದ ದೋಷವೋ? ಮುಂದೆ ಓದಲೋ, ಬಿಡಲೋ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಆ ಹುಡುಗ ಕೇಳಿದ್ದು ಮೂರರಲ್ಲೂ ದೊಡ್ಡದು. ತತ್ವಶಾಸ್ತ್ರದ ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಇದನ್ನು ಪಾಠ ಮಾಡುತ್ತಾ ಬಂದಿದ್ದೇನೆ. ಇಷ್ಟು ನೇರವಾಗಿ ಕೇಳುವ ವಿದ್ಯಾರ್ಥಿಗಳು ಸಿಗುವುದು ಅಪರೂಪ. ಹಾಗಾಗಿ ಅವನಿಂದಲೇ ಶುರು ಮಾಡುತ್ತೇನೆ. ಆದರೆ ಅದಕ್ಕೂ ಮುಂಚೆ ಸಕ್ಕರೆಯ ಹುಡುಗಿಗೆ ಉತ್ತರ ಕೊಟ್ಟುಬಿಡೋಣ. ಅದು ಬೇಗ ಮುಗಿಯುತ್ತದೆ, ಮುಂದಿನ ಮಾತಿಗೆ ದಾರಿಯನ್ನೂ ಮಾಡಿಕೊಡುತ್ತದೆ.

ಸಕ್ಕರೆ ನೀರಿನ ಜಾಗಕ್ಕೆ ನುಗ್ಗಿ ಕೂರುವುದಿಲ್ಲ. ಅಳತೆ ಜಾಡಿಯಲ್ಲಿ 200 ಮಿಲಿ ಲೀಟರ್ ನೀರು ತೆಗೆದುಕೊಂಡು 50 ಗ್ರಾಂ ಸಕ್ಕರೆ ಕರಗಿಸಿ ನೋಡಿ. ಮಟ್ಟ ಸುಮಾರು 30 ಮಿಲಿ ಲೀಟರ್ ಏರುತ್ತದೆ. ಒಣ ಸಕ್ಕರೆಯನ್ನೇ ಅದೇ ಜಾಡಿಗೆ ಸುರಿದಿದ್ದರೆ ಅದಕ್ಕಿಂತ ಜಾಸ್ತಿ ಜಾಗ ಬೇಕಿತ್ತು, ಯಾಕೆಂದರೆ ಹರಳುಗಳ ನಡುವೆ ಗಾಳಿ ಇತ್ತು. ಇನ್ನೂ ಚೆನ್ನಾಗಿ ತೋರಿಸಬೇಕಾದರೆ ಲ್ಯಾಬಿನಲ್ಲಿ 50 ಮಿಲಿ ಲೀಟರ್ ನೀರಿಗೆ 50 ಮಿಲಿ ಲೀಟರ್ ಆಲ್ಕೋಹಾಲ್ ಬೆರೆಸಿ. ನೂರು ಆಗುವುದಿಲ್ಲ, 96-97ರ ಆಸುಪಾಸಿಗೆ ನಿಲ್ಲುತ್ತದೆ. ಮಕ್ಕಳು ಬೆರಗಾಗುತ್ತಾರೆ. ಎರಡರ ಅಣುಗಳು ಬೆರೆತಾಗ ಮೊದಲಿಗಿಂತ ಒತ್ತಾಗಿ ಕೂರುತ್ತವೆ, ಅಷ್ಟೇ. ಯಾವ ಅಣುವೂ ಇನ್ನೊಂದರೊಳಗೆ ಹೊಕ್ಕಿಲ್ಲ. ‘ಬೆರೆಯುವುದು’ ಬೇರೆ, ‘ಒಂದೇ ಜಾಗ ಹಂಚಿಕೊಳ್ಳುವುದು’ ಬೇರೆ.

ಈಗ ಹುಡುಗನ ಪ್ರಶ್ನೆ. ಯಾರಾದ್ರೂ ನೋಡಿ ಹೇಳಿದ್ದೋ, ನಾವೇ ಇಟ್ಟುಕೊಂಡಿದ್ದೋ?

ಯುರೋಪಿನಲ್ಲಿ ಇದೇ ವಿಷಯಕ್ಕೆ ಎರಡು ಶತಮಾನ ಜಗಳ ನಡೆದಿದೆ. ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ 1644ರಲ್ಲಿ, ವಸ್ತು ಎಂದರೆ ಹರವು, ಉದ್ದ ಅಗಲ ಆಳ ಇರುವುದು, ಅಷ್ಟೇ ಅಂದ. ಹಾಗಾದರೆ ಖಾಲಿ ಜಾಗಕ್ಕೂ ಉದ್ದ ಅಗಲ ಆಳ ಇದೆಯಲ್ಲ, ಅದೂ ವಸ್ತುವೇ? ಕೇಂಬ್ರಿಡ್ಜಿನ ಹೆನ್ರಿ ಮೋರ್ ಅವನಿಗೆ ಪತ್ರ ಬರೆದು ತಕರಾರು ತೆಗೆದ. ಹರವು ಆತ್ಮಕ್ಕೂ ಇರಬಹುದು. ವಸ್ತುವನ್ನು ಬೇರೆ ಮಾಡುವುದು ಅದು ಇನ್ನೊಂದನ್ನು ಒಳಗೆ ಬಿಡುವುದಿಲ್ಲ ಎಂಬ ಗುಣ ಎನ್ನುವುದು ಮೋರ್‌ನ ವಾದ. ಅಭೇದ್ಯತೆ ಎಂಬ ಮಾತು ಆ ಕಾಲದ ತತ್ವಶಾಸ್ತ್ರದಲ್ಲಿ ಬೇರೂರಿದ್ದು ಇಂಥ ವಾದಗಳಿಂದ.

ಇಂಗ್ಲಿಷ್ ತತ್ವಜ್ಞಾನಿ ಲಾಕ್ 1690ರಲ್ಲಿ ಇನ್ನೂ ನೇರವಾಗಿ ಹೇಳಿದ. ಗಟ್ಟಿತನ ಏನೆಂದು ಯಾರಾದರೂ ಕೇಳಿದರೆ, ಎರಡು ಅಂಗೈ ನಡುವೆ ಒಂದು ಕಲ್ಲನ್ನೋ ಚೆಂಡನ್ನೋ ಇಟ್ಟುಕೊಂಡು ಕೈ ಜೋಡಿಸಲು ಹೇಳಿ, ಗೊತ್ತಾಗುತ್ತದೆ ಎಂದ. ಅವನು ಫ್ಲಾರೆನ್ಸಿನ ಒಂದು ಪ್ರಯೋಗವನ್ನೂ ಹೇಳುತ್ತಾನೆ. ಚಿನ್ನದ ಟೊಳ್ಳು ಗೋಳದಲ್ಲಿ ನೀರು ತುಂಬಿ, ಬಾಯಿ ಭದ್ರವಾಗಿ ಮುಚ್ಚಿ, ತಿರುಪು ಯಂತ್ರದಲ್ಲಿಟ್ಟು ಹಿಂಡಿದರು. ನೀರು ಸಣ್ಣದಾಗಲು ಒಪ್ಪಲಿಲ್ಲ. ಚಿನ್ನದ ಸೂಕ್ಷ್ಮ ರಂಧ್ರಗಳಿಂದ ಇಬ್ಬನಿಯ ಹಾಗೆ ಹೊರಗೆ ಒಸರಿ, ಹನಿ ಹನಿಯಾಗಿ ಬಿತ್ತು. ಇದನ್ನು ಒಂದು ಕ್ಷಣ ಯೋಚಿಸಿ. ಬೆರಳು ಅದ್ದಿದರೆ ಪಕ್ಕಕ್ಕೆ ಸರಿಯುವ ಮೆತ್ತನೆ ನೀರು, ಗಟ್ಟಿ ಚಿನ್ನದ ಗೋಡೆಯನ್ನೇ ದಾಟಿ ಹೊರಬಂತು. ಮೆತ್ತಗಿರುವುದಕ್ಕೂ ಜಾಗ ಬಿಟ್ಟುಕೊಡುವುದಕ್ಕೂ ಸಂಬಂಧವಿಲ್ಲ. ನಿಮ್ಮ ಮಕ್ಕಳಲ್ಲಿ ಅನೇಕರು ‘ಅಭೇದ್ಯ ಅಂದ್ರೆ ಗಟ್ಟಿ’ ಅಂದುಕೊಂಡಿರುತ್ತಾರೆ. ದೊಡ್ಡವರೂ ಹಾಗೇ ಅಂದುಕೊಳ್ಳುತ್ತಾರೆ. ಈ ಒಂದು ಪ್ರಸಂಗ ಹೇಳಿದರೆ ಆ ತಪ್ಪು ಕಲ್ಪನೆ ಹೋಗುತ್ತದೆ.

ನ್ಯೂಟನ್ ತನ್ನ ಪ್ರಿನ್ಸಿಪಿಯಾದ 1713ರ ಎರಡನೇ ಆವೃತ್ತಿಯಲ್ಲಿ ಹುಡುಗನ ಪ್ರಶ್ನೆಗೆ ಹೆಚ್ಚೂಕಡಿಮೆ ನೇರ ಉತ್ತರವನ್ನೇ ಕೊಟ್ಟಿದ್ದಾನೆ. ಎಲ್ಲ ವಸ್ತುಗಳೂ ಅಭೇದ್ಯ ಎಂಬುದು ನಮಗೆ ಗೊತ್ತಾಗಿದ್ದು ಬುದ್ಧಿಯ ತರ್ಕದಿಂದಲ್ಲ, ಇಂದ್ರಿಯಗಳಿಂದ. ಕೈಗೆ ಸಿಕ್ಕಿದ್ದೆಲ್ಲ ಹಾಗಿದೆ, ಆದ್ದರಿಂದ ಉಳಿದದ್ದೂ ಹಾಗೇ ಎಂದು ತೀರ್ಮಾನಿಸುತ್ತೇವೆ. ಅಂದರೆ, ನೋಡಿ ಹೇಳಿದ್ದು.

ಇನ್ನೊಂದು ಪಂಗಡ ಒಪ್ಪಲಿಲ್ಲ. ‘ವಸ್ತು’ ಎಂಬ ಮಾತಿನಲ್ಲೇ ಜಾಗ ತುಂಬುವುದು ಸೇರಿದೆ, ತುಂಬಿದ ಜಾಗಕ್ಕೆ ಇನ್ನೊಂದು ಬರುತ್ತದೆ ಎಂದರೆ ನಮ್ಮ ಮಾತಿಗೆ ನಾವೇ ಉಲ್ಟಾ ಹೊಡೆದಂತೆ ಎಂದು ಅವರು ಹೇಳಿದರು. ಅಂದರೆ, ನಾವೇ ಇಟ್ಟುಕೊಂಡಿದ್ದು. ನಿಮ್ಮ ಬೋರ್ಡಿನ ಮೇಲಿನ ವಾಕ್ಯವನ್ನು ಮಕ್ಕಳು ಸಾಮಾನ್ಯವಾಗಿ ಬಾಯಿಪಾಠ ಮಾಡುವುದು ಈ ಅರ್ಥದಲ್ಲೇ.

ಕಾಂಟ್ ಬರುವುದು ಇಲ್ಲಿ. ನಿಮ್ಮ ಮಗಳು ತಂದುಕೊಟ್ಟ ಆ 1786ರ ಪುಸ್ತಕದಲ್ಲಿ ಅವನು ಆಡಿದ ಒಂದು ಮಾತು ನನಗೆ ಬಹಳ ಇಷ್ಟ. ಒಂದು ವಸ್ತು ನುಗ್ಗಿ ಬರುತ್ತಿರುವಾಗ ಅದನ್ನು ಹಿಂದಕ್ಕೆ ತಳ್ಳುವುದು ತರ್ಕದ ನಿಯಮವಲ್ಲ ಎನ್ನುತ್ತಾನೆ. ವಿರೋಧಾಭಾಸ ಆಗುತ್ತದೆ ಎಂಬ ಕಾರಣಕ್ಕೆ ಯಾವ ಕಲ್ಲೂ ನಿಲ್ಲುವುದಿಲ್ಲ. ನಿಲ್ಲಿಸಬೇಕಾದರೆ ಅಲ್ಲೊಂದು ಬಲ ಬೇಕು. ವಸ್ತು ಸುಮ್ನೆ ‘ಇರುವುದರಿಂದ’ ಜಾಗ ತುಂಬುವುದಿಲ್ಲ. ತಳ್ಳುವ ಬಲದಿಂದ ತುಂಬುತ್ತದೆ. ಆ ಬಲಕ್ಕೆ ಪ್ರಮಾಣ ಉಂಟು. ಒತ್ತಿದಷ್ಟೂ ಎದುರೊತ್ತಡ ಹೆಚ್ಚುತ್ತದೆ. ಸೈಕಲ್ ಪಂಪಿನ ತುದಿಯನ್ನು ಹೆಬ್ಬೆರಳಿಂದ ಮುಚ್ಚಿ ಹಿಡಿಕೆ ಒತ್ತಲು ಮಕ್ಕಳಿಗೆ ಹೇಳಿ. ಮೊದಲು ಸಲೀಸು, ಆಮೇಲೆ ಕಷ್ಟ, ಕೊನೆಗೆ ಜಪ್ಪಯ್ಯ ಅಂದರೂ ಇಳಿಯುವುದಿಲ್ಲ. ಕಾಂಟ್ ಪ್ರಕಾರ ಎಲ್ಲ ವಸ್ತುವಿನ ಅಭೇದ್ಯತೆಯೂ ಈ ಜಾತಿಯದೇ. ಅಳತೆಯಿಲ್ಲದ, ಕಾರಣವಿಲ್ಲದ, ‘ಒಳಗೆ ಬಿಡಲ್ಲ ಅಂದ್ರೆ ಬಿಡಲ್ಲ’ ಎಂಬಂಥ ಅಭೇದ್ಯತೆಯನ್ನು ಅವನು ಏನನ್ನೂ ವಿವರಿಸದ ಗುಪ್ತ ಗುಣ ಎಂದು ತಳ್ಳಿಹಾಕಿದ.

ಹಾಗಾಗಿ ಹುಡುಗನಿಗೆ ಹೀಗೆ ಹೇಳಬಹುದು: ಹೆಸರು ನಾವಿಟ್ಟಿದ್ದು, ತಡೆ ನಾವಿಟ್ಟಿದ್ದಲ್ಲ. ಹೆಸರಿಟ್ಟ ಮಾತ್ರಕ್ಕೆ ತಡೆಗೆ ಕಾರಣ ಸಿಕ್ಕಿದ ಹಾಗಲ್ಲ. ಕಾರಣ ಬೇರೆ ಹುಡುಕಬೇಕು.

ಕಾರಣ ಸಿಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ. ಇಲ್ಲಿ ಒಂದು ಜನಪ್ರಿಯ ತಪ್ಪಿದೆ, ನೀವೂ ಓದಿರುತ್ತೀರಿ: ‘ಪರಮಾಣು ಬಹುಪಾಲು ಖಾಲಿ, ಆದರೂ ನಮ್ಮ ಕೈ ಮೇಜಿನೊಳಗೆ ಹೋಗುವುದಿಲ್ಲ, ಯಾಕೆಂದರೆ ಎಲೆಕ್ಟ್ರಾನುಗಳು ವಿದ್ಯುತ್ತಿನಿಂದ ಒಂದನ್ನೊಂದು ತಳ್ಳುತ್ತವೆ.’ ಇದು ಅರ್ಧ ಸತ್ಯ. ಬರೀ ವಿದ್ಯುತ್ ಬಲದಿಂದ ಲೆಕ್ಕ ಕೂಡುವುದಿಲ್ಲ, ಯಾಕೆಂದರೆ ಅದು ತಳ್ಳುವಂತೆಯೇ ಎಳೆಯುತ್ತದೆ ಕೂಡ. 1925ರಲ್ಲಿ ಭೌತವಿಜ್ಞಾನಿ ಪೌಲಿ ಕೊಟ್ಟ ನಿಯಮ ಬೇಕು: ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲಾರವು. ಡೈಸನ್ ಮತ್ತು ಲೆನಾರ್ಡ್ ಎಂಬ ವಿಜ್ಞಾನಿಗಳು 1967ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ್ದು ಇದನ್ನೇ. ಈ ನಿಯಮ ಇರುವುದರಿಂದಲೇ ದೊಡ್ಡ ವಸ್ತುಗಳು ಕುಸಿಯದೆ ತಮ್ಮ ಗಾತ್ರ ಉಳಿಸಿಕೊಂಡಿವೆ. ಇಲ್ಲದಿದ್ದರೆ ಎರಡು ವಸ್ತುಗಳನ್ನು ಒಂದೆಡೆ ಸೇರಿಸಿದರೆ ಅಣುಬಾಂಬಿನಷ್ಟು ಶಕ್ತಿ ಹೊರಬರುತ್ತಿತ್ತು ಎಂದು ಡೈಸನ್ ತೋರಿಸಿದ್ದಾರೆ.

ಗಮನಿಸಿ, ಪೌಲಿ ‘ಜಾಗ’ ಎನ್ನಲಿಲ್ಲ, ‘ಸ್ಥಿತಿ’ ಎಂದ. ಹೀಲಿಯಂ ಪರಮಾಣುವಿನ ಎರಡು ಎಲೆಕ್ಟ್ರಾನುಗಳು ಒಂದೇ ಕಕ್ಷಕದಲ್ಲಿ ಇರುತ್ತವೆ, ಅವುಗಳ ಸ್ಪಿನ್ ಎಂಬ ಒಳಗುಣ ಬೇರೆ ಬೇರೆ ಇರುವುದರಿಂದ. ನಿಮ್ಮ ಬೋರ್ಡಿನ ವಾಕ್ಯ ಕಲ್ಲು, ಮೇಜು, ನೀರಿಗೆ ಸರಿ. ಅದರ ಕೆಳಗಿನ ಲೋಕದಲ್ಲಿ ಅದೇ ಮಾತನ್ನು ಹಾಗೇ ಒಯ್ಯಲು ಬರುವುದಿಲ್ಲ. ಬೆಳಕಿಗಂತೂ ಅದು ಅನ್ವಯಿಸುವುದೇ ಇಲ್ಲ. ಎರಡು ಟಾರ್ಚಿನ ಬೆಳಕನ್ನು ಅಡ್ಡಡ್ಡ ಹಾಯಿಸಿ, ಒಂದು ಇನ್ನೊಂದರೊಳಗಿಂದ ದಾಟಿ ಹೋಗುತ್ತದೆ. ಬೆಳಕಿನ ಕಣಗಳು ಎಷ್ಟು ಬೇಕಾದರೂ ಒಂದೇ ಸ್ಥಿತಿಯಲ್ಲಿ ಇರಬಲ್ಲವು. ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಲೆಕ್ಕ ಹಾಕಿದ್ದು ಇಂಥ ಕಣಗಳದ್ದೇ.

ನಮ್ಮ ಕಡೆಯ ದರ್ಶನಗಳೂ ಇದನ್ನು ಬಿಟ್ಟಿರಲಿಲ್ಲ. ವಸುಬಂಧು ಎಂಬ ಬೌದ್ಧ ಆಚಾರ್ಯರು ಒಂದು ಇಕ್ಕಟ್ಟು ಒಡ್ಡಿದರು. ಒಂದು ಪರಮಾಣುವಿನ ಸುತ್ತ ಆರು ಕಡೆಯಿಂದ ಆರು ಪರಮಾಣು ಬಂದು ಅಂಟಿಕೊಂಡವು ಎನ್ನಿ. ಆರೂ ಬೇರೆ ಬೇರೆ ಕಡೆ ಮುಟ್ಟಿದರೆ ನಡುವಿನದಕ್ಕೆ ಆರು ಬದಿ ಆಯಿತು, ಅದು ಬಿಡಿಸಲಾಗದ ಪರಮಾಣು ಅಲ್ಲ. ಆರೂ ಒಂದೇ ಜಾಗದಲ್ಲಿ ಕೂತರೆ ಇಡೀ ಉಂಡೆ ಒಂದು ಪರಮಾಣುವಿನಷ್ಟೇ ದೊಡ್ಡದು. ಬೆಟ್ಟವೂ ಪರಮಾಣುವಿನಷ್ಟೇ ಆಗಬೇಕಾಗುತ್ತದೆ! ಗಾತ್ರ ಎನ್ನುವುದೇ ಒಂದಕ್ಕೊಂದು ಜಾಗ ಬಿಡದಿರುವುದರಿಂದ ಹುಟ್ಟುತ್ತದೆ ಎಂಬುದು ಇಲ್ಲಿ ಎದ್ದು ಕಾಣುತ್ತದೆ. ಜೈನರು ಇನ್ನೊಂದು ದಾರಿ ಹಿಡಿದರು. ಸೂಕ್ಷ್ಮವಾಗಿ ಪರಿಣಮಿಸಿದಾಗ ಅನೇಕ ಪರಮಾಣುಗಳು ಆಕಾಶದ ಒಂದೇ ಪ್ರದೇಶದಲ್ಲಿ ಇರಬಲ್ಲವು ಎಂದರು. ಕನ್ನಡ ನಾಡಿನ ಜೈನ ಪರಂಪರೆ ತನ್ನವರೆಂದು ನೆನೆಯುವ ಪೂಜ್ಯಪಾದರು ಇದಕ್ಕೆ ಕೊಟ್ಟ ದೃಷ್ಟಾಂತ, ಒಂದೇ ಕೋಣೆಯಲ್ಲಿ ಹಲವು ದೀಪಗಳ ಬೆಳಕು ಇರುವುದು. ಅವರಿಗೆ ಇಂದಿನ ಭೌತಶಾಸ್ತ್ರ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ, ನೀವೂ ತರಗತಿಯಲ್ಲಿ ಹಾಗೆ ಹೇಳಬೇಡಿ. ಅವರ ಸಮಸ್ಯೆಯೇ ಬೇರೆ: ಅನಂತ ಪರಮಾಣುಗಳು ಮಿತಿಯಿರುವ ಲೋಕದಲ್ಲಿ ಹೇಗೆ ಹಿಡಿಸುತ್ತವೆ ಎಂಬುದು. ಆದರೆ ಅಭೇದ್ಯತೆ ಇಲ್ಲದೆಯೂ ವಸ್ತುವನ್ನು ಯೋಚಿಸಬಹುದು ಎಂದು ಅವರು ಧೈರ್ಯವಾಗಿ ಹೇಳಿದ್ದಂತೂ ನಿಜ. ಅಂದಮೇಲೆ ಅದು ‘ವಸ್ತು’ ಎಂಬ ಪದದಲ್ಲೇ ಅಡಗಿರುವ ಸಂಗತಿ ಅಲ್ಲ, ಅಲ್ವಾ?

ನಿಮ್ಮ ತರಗತಿಗೆ ಹತ್ತಿರದ ಒಂದು ಉದಾಹರಣೆ ಕೋಲಾರದಲ್ಲಿದೆ. 1965ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ತಂಡಗಳ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಗುರುತು ಹಿಡಿದರು. ಜಗತ್ತಿನಲ್ಲೇ ಮೊದಲ ಬಾರಿ ಅದು ಸಾಧ್ಯವಾದ ವರ್ಷ ಅದು. ಅಷ್ಟು ಆಳಕ್ಕೆ ಇಳಿದದ್ದು ಯಾಕೆ? ಆಕಾಶದಿಂದ ಸುರಿಯುವ ಮ್ಯುವಾನ್ ಕಣಗಳನ್ನು ಮೇಲಿನ ಬಂಡೆ ಹೆಚ್ಚೂಕಡಿಮೆ ಪೂರ್ತಿ ತಡೆಯುತ್ತದೆ. ನ್ಯೂಟ್ರಿನೋಗೆ ಅದೇ ಬಂಡೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಲ್ಲೋ ಒಂದು ಮಾತ್ರ ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದು ಸಿಕ್ಕಿಬೀಳುತ್ತದೆ. ಒಂದೇ ಬಂಡೆ ಒಂದಕ್ಕೆ ಗೋಡೆ, ಇನ್ನೊಂದಕ್ಕೆ ಬಯಲು. ಇಡೀ ಪ್ರಯೋಗ ನಿಂತಿದ್ದೇ ಈ ವ್ಯತ್ಯಾಸದ ಮೇಲೆ. ಅದಕ್ಕೇ ‘ಇದು ಅಭೇದ್ಯ’ ಎಂದು ಯಾರಾದರೂ ಹೇಳಿದಾಗ ನಾನು ಮೊದಲು ಕೇಳುವುದು: ಯಾವುದಕ್ಕೆ?

ಈ ಪ್ರಶ್ನೆ ಕೈಯಲ್ಲಿಟ್ಟುಕೊಂಡರೆ ಮಾತಿನ ಅಭೇದ್ಯತೆಗೆ ಹೋಗುವುದು ಸುಲಭ. ಎರಡೂ ಒಂದೇ ಅಲ್ಲ. ಕಲ್ಲಿನದು ಬಲದ ವಿಷಯ, ಮಾತಿನದು ತಿಳಿವಳಿಕೆಯ ವಿಷಯ. ಆದರೆ ಎರಡರಲ್ಲೂ ನಾವು ಮಾಡುವ ತಪ್ಪು ಒಂದೇ. ಎರಡರ ನಡುವೆ ನಡೆಯುವ ಸಂಗತಿಯನ್ನು ಒಂದರ ಗುಣವೆಂದು ಬರೆದಿಡುತ್ತೇವೆ. ನಿಮ್ಮ ಮಗಳು ಪುಸ್ತಕದ ಮೇಲೆ ಬರೆದಳು. ನೀವು ನಿಮ್ಮ ತಲೆಯ ಮೇಲೆ ಬರೆದುಕೊಂಡಿರಿ.

ಹಂಪ್ಟಿ ಡಂಪ್ಟಿಯ ಪ್ರಸಂಗ ಲೂಯಿಸ್ ಕ್ಯಾರಲ್ 1871ರಲ್ಲಿ ಬರೆದ ಎರಡನೇ ಆಲಿಸ್ ಪುಸ್ತಕದ್ದು. ಗೋಡೆಯ ಮೇಲೆ ಕೂತ ಮೊಟ್ಟೆ, ತಾನು ಬಳಸುವ ಪದಕ್ಕೆ ತಾನು ಕೊಟ್ಟಷ್ಟೇ ಅರ್ಥ ಎನ್ನುತ್ತದೆ. ‘ಇಂಪೆನಿಟ್ರಬಿಲಿಟಿ’ ಎಂದು ಕೂಗಿ, ‘ಈ ವಿಷಯ ಸಾಕು, ಮುಂದೇನು ಮಾಡುತ್ತೀಯ ಹೇಳು’ ಎಂಬಷ್ಟು ಉದ್ದದ ಅರ್ಥ ಅದಕ್ಕಿದೆ ಎನ್ನುತ್ತದೆ. ಕ್ಯಾರಲ್ ತರ್ಕಶಾಸ್ತ್ರ ಬಲ್ಲವರು. ಆಲಿಸಳಿಗೆ ಒಳಗೆ ಹೋಗಲಾಗದ ಪದಕ್ಕೆ ಅವರು ಆರಿಸಿದ್ದು ಇದನ್ನೇ.

ಮೊಟ್ಟೆ ಹೇಳಿದ್ದು ಸರಿಯೇ? ಇದರ ಮೇಲೆ ನಿಜವಾದ ತತ್ವಜ್ಞಾನಿಗಳು ಗಂಭೀರವಾಗಿ ವಾದಿಸಿದ್ದಾರೆ. ವಿಟ್‌ಗೆನ್‌ಸ್ಟೈನ್ ಕೇಳಿದ: ‘ಬುಬುಬು’ ಎಂದು ಹೇಳಿ, ಮಳೆ ಬರದಿದ್ದರೆ ವಾಕಿಂಗ್ ಹೋಗುತ್ತೇನೆ ಎಂದು ಅರ್ಥ ಮಾಡಲು ನನ್ನಿಂದ ಆಗುತ್ತದಾ? ಮೇಡಂ, ನೀವೂ ಪ್ರಯತ್ನಿಸಿ ನೋಡಿ. ಆ ವಾಕ್ಯವನ್ನು ಮನಸ್ಸಿನಲ್ಲಿ ನೆನೆಯಬಹುದು, ಬಾಯಲ್ಲಿ ಬುಬುಬು ಎನ್ನಬಹುದು. ಎರಡೂ ಅಕ್ಕಪಕ್ಕ ಇರುತ್ತವೆಯೇ ಹೊರತು, ಒಂದು ಇನ್ನೊಂದರ ಅರ್ಥ ಆಗುವುದಿಲ್ಲ. ಕೀತ್ ಡಾನೆಲನ್ ಎಂಬ ಅಮೆರಿಕನ್ 1968ರಲ್ಲಿ ಇದಕ್ಕೆ ಕಾರಣ ಕೊಟ್ಟರು. ಉದ್ದೇಶ ಎನ್ನುವುದು ಆಸೆಯಲ್ಲ. ಆಗುತ್ತದೆ ಎಂಬ ನಿರೀಕ್ಷೆ ಇಲ್ಲದೆ ಉದ್ದೇಶ ಇಟ್ಟುಕೊಳ್ಳಲು ಬರುವುದಿಲ್ಲ. ಕೈ ಬಡಿದು ಹಾರುತ್ತೇನೆ ಎಂದು ಆಸೆಪಡಬಹುದು, ಉದ್ದೇಶಿಸಲು ಸಾಧ್ಯವಿಲ್ಲ. ಡೇವಿಡ್‌ಸನ್ 1986ರಲ್ಲಿ ಇದನ್ನೇ ಮೊಟ್ಟೆಗೆ ಅನ್ವಯಿಸಿದರು. ಆಲಿಸಳಿಗೆ ತಿಳಿಯುವುದಿಲ್ಲ ಎಂದು ಅದಕ್ಕೆ ಮೊದಲೇ ಗೊತ್ತು, ತಾನೇ ಹಾಗೆ ಹೇಳುತ್ತದೆ ಕೂಡ. ಆದ್ದರಿಂದ ತಾನು ಹೇಳಿಕೊಂಡ ಅರ್ಥವನ್ನು ಅದು ಆ ಪದದಿಂದ ಹೇಳಿಯೇ ಇಲ್ಲ.

ಇದರಿಂದ ‘ಪದಕ್ಕೆ ಹೊಸ ಅರ್ಥ ಕೊಡುವ ಹಾಗಿಲ್ಲ’ ಎಂದು ಅರ್ಥವಲ್ಲ. ನೀವೇ ದಿನವೂ ಕೊಡುತ್ತೀರಿ. ‘ಕೆಲಸ’ ಎಂದರೆ ಬಲ ಮತ್ತು ಸ್ಥಾನಪಲ್ಲಟದ ಗುಣಲಬ್ಧ ಎನ್ನುತ್ತೀರಿ. ತಲೆಯ ಮೇಲೆ ಮೂಟೆ ಹೊತ್ತು ನಿಂತವನು ಕೆಲಸ ಮಾಡುತ್ತಿಲ್ಲ ಎನ್ನುತ್ತೀರಿ. ಮಕ್ಕಳಿಗೆ ಮೊದಲೇ ತಿಳಿಸಿ ಬಳಸುವುದರಿಂದ ಅದು ನ್ಯಾಯ. ಮೊಟ್ಟೆ ಮೊದಲು ಬಳಸಿ, ಕೇಳಿದ ಮೇಲೆ ತಿಳಿಸಿತು. ಈ ಹಿಂದುಮುಂದು ಸಣ್ಣ ವಿಷಯದಂತೆ ಕಾಣುತ್ತದೆ. ಯಾರ ಕೈಯಲ್ಲಿ ಅಧಿಕಾರವಿದೆ ಎಂದು ನೋಡಿದಾಗ ಅದು ಸಣ್ಣದಲ್ಲ. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಗೃಹ ಮಂತ್ರಿಗೆ ‘ಸಕಾರಣವಿದ್ದರೆ’ ಯಾರನ್ನಾದರೂ ವಿಚಾರಣೆಯಿಲ್ಲದೆ ಹಿಡಿದಿಡುವ ಅಧಿಕಾರ ಇತ್ತು. ಲಿವರ್ಸಿಜ್ ಎಂಬಾತ ಕೋರ್ಟಿಗೆ ಹೋದ. 1941ರ ನವೆಂಬರಿನಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಆಗಿದ್ದ ಸಂಸತ್ತಿನ ಮೇಲ್ಮನೆಯ ಬಹುಮತದ ನ್ಯಾಯಮೂರ್ತಿಗಳು ‘ಸಕಾರಣವಿದ್ದರೆ’ ಎಂಬುದನ್ನು ‘ಸಕಾರಣವಿದೆ ಎಂದು ಮಂತ್ರಿಗೆ ಅನ್ನಿಸಿದರೆ’ ಎಂದು ಓದಿದರು. ಲಾರ್ಡ್ ಆಟ್ಕಿನ್ ಒಬ್ಬರೇ ಒಪ್ಪಲಿಲ್ಲ. ಹೀಗೆ ಓದಲು ತನಗೆ ಗೊತ್ತಿರುವ ಆಧಾರ ಒಂದೇ ಎಂದು, ತೀರ್ಪಿನಲ್ಲೇ ಹಂಪ್ಟಿ ಡಂಪ್ಟಿಯ ಮಾತನ್ನು ಎತ್ತಿ ಬರೆದರು. ಅವರೇ ಸರಿ ಎಂದು ಅದೇ ಮೇಲ್ಮನೆಯ ನ್ಯಾಯಮೂರ್ತಿಗಳು ದಶಕಗಳ ನಂತರ ಒಪ್ಪಿದರು. ಜೈಲಿನ ಬಾಗಿಲು ಒಂದು ಪದದ ಅರ್ಥದ ಮೇಲೆ ನಿಂತಿತ್ತು.

ಇನ್ನು ನಿಮ್ಮ ಪುಸ್ತಕ. ಕಾಂಟ್ ಅರ್ಥವಾಗಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ. ಅವನ ಕಾಲದ ದೊಡ್ಡ ಪಂಡಿತ ಮೆಂಡೆಲ್ಸನ್, ಅವನ 1781ರ ಮುಖ್ಯ ಗ್ರಂಥವನ್ನು ‘ನರಗಳ ಸತ್ವ ಹೀರುವ ಕೃತಿ’ ಎಂದು ಅವನಿಗೇ ಪತ್ರ ಬರೆದಿದ್ದರು. ಕಾಂಟ್ ಮುಚ್ಚುಮರೆ ಇಲ್ಲದೆ ಉತ್ತರಿಸಿದ: ಹನ್ನೆರಡು ವರ್ಷ ಯೋಚಿಸಿದ್ದನ್ನು ನಾಲ್ಕೈದು ತಿಂಗಳಲ್ಲಿ ಬರೆದೆ, ವಿಷಯಕ್ಕೆ ಗಮನ ಕೊಟ್ಟೆ, ಓದುಗರ ಅನುಕೂಲಕ್ಕೆ ಕೊಡಲಿಲ್ಲ. 1783ರಲ್ಲಿ ಅದನ್ನೇ ಚಿಕ್ಕದಾಗಿ ಬೇರೆ ಪುಸ್ತಕ ಮಾಡಿದ. ಅಂದರೆ ಕೆಲವು ಕಷ್ಟ ನಿಜವಾಗಿಯೂ ಬರವಣಿಗೆಯದ್ದೇ, ಓದುಗರದ್ದಲ್ಲ.

ಹಾಗಂತ ಕಷ್ಟದ ಬರಹವೆಲ್ಲ ಕೆಟ್ಟ ಬರಹವೂ ಅಲ್ಲ, ಆಳದ ಬರಹವೂ ಅಲ್ಲ. ಈ ಎರಡೂ ಮೂಢನಂಬಿಕೆಗಳು ಕಾಲೇಜುಗಳಲ್ಲಿ ಜೋರಾಗಿವೆ. 1996ರಲ್ಲಿ ಅಲನ್ ಸೋಕಲ್ ಎಂಬ ಭೌತವಿಜ್ಞಾನಿ, ಬೇಕೆಂದೇ ಅರ್ಥವಿಲ್ಲದ ಮಾತುಗಳನ್ನು ದೊಡ್ಡ ಪದಗಳಲ್ಲಿ ಪೋಣಿಸಿ ಅಮೆರಿಕದ ಒಂದು ಸಾಂಸ್ಕೃತಿಕ ಅಧ್ಯಯನದ ಪತ್ರಿಕೆಗೆ ಕಳಿಸಿದರು, ಅದು ಅಚ್ಚಾಯಿತು. ಅರ್ಥವಾಗದ್ದನ್ನು ಆಳ ಎಂದುಕೊಂಡರೆ ಹೀಗಾಗುತ್ತದೆ. ಇತ್ತ ಕಡೆ ನಮ್ಮಲ್ಲೇ ಶಿಶುನಾಳ ಶರೀಫರ ‘ಕೋಡಗನ್ನ ಕೋಳಿ ನುಂಗಿತ್ತಾ’ ಇದೆ. ಎಷ್ಟು ಜನ ಹಾಡುತ್ತಾರೆ, ಕೋಳಿ ಕೋತಿಯನ್ನು ನುಂಗುವುದು ಏನೆಂದು ಎಷ್ಟು ಜನ ಕೇಳಿದ್ದಾರೆ? ಅಲ್ಲಿ ಒಂದು ಇನ್ನೊಂದನ್ನು ನುಂಗುತ್ತಲೇ ಹೋಗುತ್ತದೆ, ಕೆಲವು ಕಡೆ ಸಣ್ಣದೇ ದೊಡ್ಡದನ್ನು ನುಂಗುತ್ತದೆ. ಕೊನೆಗೆ ಗೋವಿಂದ ಗುರುವಿನ ಪಾದ ‘ನನ್ನನ್ನೇ’ ನುಂಗಿತು ಎಂದು ನಿಲ್ಲುತ್ತದೆ. ಆ ಸಾಲು ಬಂದ ಮೇಲೆ ಹಿಂದಿನ ಸಾಲುಗಳನ್ನು ಮತ್ತೆ ಕೇಳಿ. ಬೀಗ ಹಾಕಿದವರೇ ಕೀಲಿ ಇಟ್ಟಿದ್ದಾರೆ. ಅಲ್ಲಮನ ಒಗಟಿನಂಥ ಬೆಡಗಿನ ವಚನಗಳೂ ಹೀಗೇ. ಮುಂದೆ ಅವಕ್ಕೆ ಟೀಕೆ, ಅಂದರೆ ಅರ್ಥವಿವರಣೆ, ಬರೆದವರಿದ್ದರು, ಗುರುವಿನಿಂದ ಕೇಳಿ ತಿಳಿಯುವವರ ಬಳಗವೂ ಇತ್ತು. ಸುಮ್ನೆ ಮುಚ್ಚಿದ ಮಾತಿಗೂ, ತೆರೆಯಲೆಂದೇ ಮುಚ್ಚಿದ ಮಾತಿಗೂ ಇರುವ ವ್ಯತ್ಯಾಸ ಇದು.

ನಿಮ್ಮ ವಿಷಯದಲ್ಲಿ ಕಾರಣ ಇದ್ಯಾವುದೂ ಅಲ್ಲ ಎನ್ನುವುದು ನನ್ನ ಅಂದಾಜು. ಜಗಳ ಯಾರ ಜೊತೆ ಎಂದು ಗೊತ್ತಿಲ್ಲದೆ ಉತ್ತರವನ್ನು ಮಾತ್ರ ಓದಿದ್ದೀರಿ. ಅದು ಫೋನಿನಲ್ಲಿ ಒಂದೇ ಕಡೆಯ ಮಾತು ಕೇಳಿಸಿಕೊಂಡಂತೆ. ತತ್ವಶಾಸ್ತ್ರದ ಪುಸ್ತಕಗಳಲ್ಲಿ ಹತ್ತಕ್ಕೆ ಎಂಟು ಸಲ ಆಗುವುದು ಇದೇ.

ಹಾಗಾದರೆ ಏನು ಮಾಡಬಹುದು? ಹಟ ಹಿಡಿದು ಮೊದಲಿನಿಂದ ಓದುತ್ತಾ ಹೋಗುವುದು ಒಂದು ದಾರಿ. ಅದರಲ್ಲಿ ಅಪಾಯವಿದೆ. ನಾಲ್ಕನೇ ಸಲಕ್ಕೆ ಪದಗಳು ಪರಿಚಯವಾಗುತ್ತವೆ, ಪರಿಚಯವಾದದ್ದನ್ನೇ ಅರ್ಥವಾಯಿತು ಎಂದುಕೊಳ್ಳುತ್ತೇವೆ. ನನ್ನ ಕೆಲವು ಜಾಣ ವಿದ್ಯಾರ್ಥಿಗಳು ಹೀಗೆ ಹಾಳಾಗಿದ್ದಾರೆ, ಕಾಂಟ್‌ನ ಪದಗಳಲ್ಲೇ ಮಾತಾಡುತ್ತಾರೆ, ಒಂದು ಉದಾಹರಣೆ ಕೊಡು ಎಂದರೆ ಸುಮ್ಮನಾಗುತ್ತಾರೆ. ವ್ಯಾಖ್ಯಾನ ಮೊದಲು ಓದುವುದು ಇನ್ನೊಂದು. ಬೇಗ ದಾರಿ ಸಿಗುತ್ತದೆ, ಆದರೆ ಆಮೇಲೆ ಮೂಲದಲ್ಲಿ ವ್ಯಾಖ್ಯಾನಕಾರರು ಹೇಳಿದ್ದಷ್ಟೇ ಕಾಣುತ್ತದೆ. ಮೊಬೈಲಿನಲ್ಲಿ ಸಿಗುವ ಸಾರಾಂಶಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಎಲ್ಲಿ ಕಾಲು ಎಡವಬೇಕೋ ಆ ಜಾಗವನ್ನೇ ಅವು ನಯ ಮಾಡಿಬಿಟ್ಟಿರುತ್ತವೆ. ಬಿಟ್ಟುಬಿಡುವುದೂ ಒಂದು ದಾರಿಯೇ, ಅದರಲ್ಲಿ ಅವಮಾನವಿಲ್ಲ. ‘ಇದೆಲ್ಲ ಬೊಗಳೆ’ ಎಂದು ಬಿಡಬೇಡಿ, ‘ಸದ್ಯಕ್ಕೆ ಬೇಡ’ ಎಂದು ಬಿಡಿ. ಮೊದಲನೆಯದು ಅಭ್ಯಾಸವಾದರೆ ಮುಂದೆ ಒಳ್ಳೆಯದಕ್ಕೂ ಬಾಗಿಲು ಹಾಕುತ್ತೇವೆ.

ನಿಮಗೆ ನಾನು ಹೇಳುವುದು ಬೇರೆ. ಆ ಪುಸ್ತಕದಲ್ಲಿ ನಾಲ್ಕು ಅಧ್ಯಾಯಗಳಿವೆ. ನೀವು ಮೂರು ಸಲ ಓದಿದ ಮೊದಲನೆಯದು ಬರೀ ಚಲನೆಯ ಲೆಕ್ಕಾಚಾರ, ಅದರಲ್ಲಿ ನಿಮ್ಮ ಪ್ರಶ್ನೆಯೇ ಇಲ್ಲ. ಅದನ್ನು ಮುಚ್ಚಿ. ಎರಡನೇ ಅಧ್ಯಾಯದ ಶುರುವಿನ ಕೆಲವು ಪುಟ ಮಾತ್ರ ತೆಗೆಯಿರಿ. ಓದುವ ಮುಂಚೆ ಒಂದು ಹಾಳೆಯಲ್ಲಿ ಹುಡುಗನ ಪ್ರಶ್ನೆಯನ್ನು ಅವನ ಮಾತಲ್ಲೇ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಪ್ರತಿ ಪ್ಯಾರಾ ಮುಗಿದಾಗ, ಇದು ‘ನೋಡಿ ಹೇಳಿದ್ದು’ ಎನ್ನುವವರಿಗೆ ಉತ್ತರವೋ, ‘ಇಟ್ಕೊಂಡಿದ್ದು’ ಎನ್ನುವವರಿಗೆ ಉತ್ತರವೋ ಎಂದು ಒಂದು ಗುರುತು ಹಾಕಿ. ಗೊತ್ತಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ತರ್ಕದ ನಿಯಮ ಕಲ್ಲನ್ನು ತಡೆಯುವುದಿಲ್ಲ ಎಂಬ ಆ ಮಾತು ಮೊದಲ ಪ್ರಮೇಯದ ಕೆಳಗಿನ ಟಿಪ್ಪಣಿಯಲ್ಲೇ ಸಿಗುತ್ತದೆ. ಅಲ್ಲಿಗೆ ಬಂದಾಗ ಜೋರಾಗಿ ಓದಿ. ಮಗಳನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ, ಇಬ್ಬರಿಗೂ ಅಡ್ಡಿಯಾಗುವ ವಾಕ್ಯಗಳು ಬೇರೆ ಬೇರೆ ಇರುತ್ತವೆ, ಅದು ತುಂಬಾ ಸಹಾಯ ಮಾಡುತ್ತದೆ.

ಬೋರ್ಡಿನ ವಾಕ್ಯವನ್ನು ಅಳಿಸಬೇಕಾಗಿಲ್ಲ. ಪರೀಕ್ಷೆಗೆ ಅದು ಬೇಕು. ಅದರ ಮುಂದೆ ‘ಯಾಕೆ?’ ಎಂದು ಸೇರಿಸಿ, ಪಂಪು ಮತ್ತು ಎರಡು ಟಾರ್ಚು ತಂದು ಮೇಜಿನ ಮೇಲಿಡಿ. ಹುಡುಗ ಆಮೇಲೆ ಏನು ಕೇಳಿದ ಎಂದು ನನಗೂ ಬರೆಯಿರಿ.